ರಾಕ್‌ಗೆ ಬಂದ ಶರೀಫರ ಕತ್ತಲು

ಗಾಯಕ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ಕುರಿತ ಬರಹಗಳಲ್ಲಿ ಹೆಚ್ಚಿನವು ಪಂಚೆ, ಗೆಜ್ಜೆ, ವೇದಿಕೆಯ ಹುರುಪಿನಲ್ಲೇ ಮುಗಿದುಹೋಗುತ್ತವೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ಗ್ಲಾಸ್ಟನ್‌ಬರಿ, ಸಾಂಗ್‌ಲೈನ್ಸ್ ಪತ್ರಿಕೆಯ ಪ್ರಶಸ್ತಿ ಬಂದ ಮೇಲಂತೂ ಇದು ಸಂಭ್ರಮದ ಜಾನಪದ ರಾಕ್ ಎಂಬ ಹಣೆಪಟ್ಟಿ ಗಟ್ಟಿಯಾಗಿ ಅಂಟಿತು. ಆಲ್ಬಂನಲ್ಲಿರುವ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ಗೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ಆಲ್ಬಂನ ನಿಜವಾದ ತೂಕ ‘ಸೋರುತಿಹುದು ಮನೆಯ ಮಾಳಿಗಿ’ಯಲ್ಲಿದೆ. ಅದರ ಮುಂದೆ ಎರಡು ನಿಮಿಷ ನಿಂತ ವಿಮರ್ಶಕರನ್ನು ನಾನು ಕಂಡಿಲ್ಲ.

ಶರೀಫರ ಆ ಪದದಲ್ಲಿ ಕೊನೆಯ ನುಡಿಯವರೆಗೆ ಸಮಾಧಾನ ಎಂಬುದೇ ಇಲ್ಲ. ಕತ್ತಲಲ್ಲಿ ಮೇಲೆ ಹತ್ತಲಾಗದವನೊಬ್ಬ, ಹುಳು ತಿಂದ ಮರ, ಸಡಿಲವಾದ ಕೀಲು, ನೀರಿಗೆ ಕರಗುವ ಮಣ್ಣು. ಪ್ರತಿ ನುಡಿಯ ಕೊನೆಗೂ ಪಲ್ಲವಿಗೆ ಮರಳುವುದು ತತ್ವಪದದ ನಡೆ. ಆದರೆ ಇಲ್ಲಿ ನುಡಿ ಮುಗಿದಂತೆಲ್ಲ ಮನೆ ಇನ್ನಷ್ಟು ಕುಸಿದಿರುತ್ತದೆ. ಮೊದಲ ಸಲ ಬರೀ ಸುದ್ದಿಯಾಗಿದ್ದ ಸಾಲು ಮೂರನೇ ಸಲಕ್ಕೆ ಗಾಬರಿಯಾಗಬೇಕು. ಸುಗಮ ಸಂಗೀತದ ಎಷ್ಟೋ ಗಾಯಕರು ಅದನ್ನು ಅದೇ ಲಯ, ಅದೇ ವಿಷಾದದಲ್ಲಿ ಹಾಡಿ ಮುಗಿಸುತ್ತಾರೆ. ಮನೆ ಇದ್ದ ಹಾಗೇ ಇರುತ್ತದೆ. ರಘು ಅವರಲ್ಲಿ ಪಲ್ಲವಿ ಏರುತ್ತಾ ಹೋಗುತ್ತದೆ. ಗಂಟಲು ತೆರೆದು, ಮರುಕಕ್ಕೆ ಜಾಗ ಕೊಡದೆ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹಾಡುತ್ತಾರೆ. ಹಾಡಿನ ಒಳಗಿನ ಕೆಡುಕನ್ನು ಹೀಗೆ ಕೇಳಿಸಿದ್ದು ರಾಕ್‌ನ ಕಸುವು.

ಇದನ್ನು ಒಪ್ಪದವರು ಗಾಯಕ ಸಿ. ಅಶ್ವತ್ಥರ ಹೆಸರು ತರುತ್ತಾರೆ. ಅಬ್ಬರದಲ್ಲಿ ಅನುಭಾವ ಕೆಟ್ಟಿತು, ತತ್ವಪದಕ್ಕೆ ಮೆಲುದನಿಯೇ ಚೆಂದ ಎಂಬುದು ಅವರ ದೂರು. ಅಶ್ವತ್ಥರನ್ನೇ ಇವರು ಸರಿಯಾಗಿ ಕೇಳಿಲ್ಲ. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟ ಅಶ್ವತ್ಥರದು ಮೆಲುದನಿಯಲ್ಲ, ಎದೆಯಾಳದಿಂದ ಒದ್ದುಬರುವ ದನಿ. ಅವರ ಕಾಲದಲ್ಲೂ ಆರ್ಕೆಸ್ಟ್ರಾ ಇತ್ತು. ಕೀಬೋರ್ಡ್ ಸೇರಿದಾಗ ಕೆಡದ ಅನುಭಾವ ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ ಹೇಗೆ ಕೆಡುತ್ತದೆ?

ಇವರು ಒಮ್ಮೆ ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಬರಬೇಕು. ಅಲ್ಲಿನ, ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದವರು, ಕಾಲಜ್ಞಾನ ಹೇಳಿದವರು. ಗುರುಪೂರ್ಣಿಮೆಗೆ ಅಲ್ಲಿ ಹಗಲು ರಾತ್ರಿ ಸಂಗೀತ. ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಭಜನೆಯವರ ನಡುವೆ ಕೂತರೆ ತಾಳದ ಪೆಟ್ಟಿಗೆ ಕಿವಿ ಗುಂಯ್ ಎನ್ನುತ್ತದೆ. ಮುಂದೆ ಹಾಡುವವರು ಸಾವಿನ ಮಾತು ಎತ್ತುತ್ತಾರೆ, ಹಿಂದಿನವರು ಅದನ್ನೇ ಇನ್ನೂ ಜೋರಾಗಿ ಒಪ್ಪಿಸುತ್ತಾರೆ. ದೇಹ ನಿಲ್ಲದು, ಎಚ್ಚೆತ್ತುಕೋ ಎಂದು ಬೈಯುವ ಪದಗಳನ್ನು ನಮ್ಮ ಕಡೆ ಯಾರೂ ಪಿಸುಗುಟ್ಟಿ ಹಾಡಿದ್ದಿಲ್ಲ. ಮೆಲುದನಿಯ ತತ್ವಪದ ಕ್ಯಾಸೆಟ್ಟಿನ ಕಾಲ ಕಲಿಸಿದ ರುಚಿ. ಅದನ್ನೇ ಪರಂಪರೆ ಎಂದು ತಿಳಿದು ರಘು ಅವರನ್ನು ಅಳೆದರೆ ಅಳತೆಗೋಲೇ ತಪ್ಪಾಗುತ್ತದೆ.

ಆಲ್ಬಂನಲ್ಲಿ ಕೊರತೆ ಇಲ್ಲವೆಂದಲ್ಲ. ಇಂಗ್ಲಿಷಿನ ಪ್ರೇಮಗೀತೆ ತೆಳುವಾಗಿದೆ, ಹಿಂದಿ ಹಾಡುಗಳಲ್ಲಿ ಒಂದೆರಡು ಬೇಗ ಮರೆತುಹೋಗುತ್ತವೆ. ‘ಗುಡುಗುಡಿ’ಯಲ್ಲಿ ಕುಣಿತದ ಭರಕ್ಕೆ ಶರೀಫರ ಕುಟುಕು ಅಡಗಿಹೋಗಿದೆ, ದೇಹವೇ ಗುಡುಗುಡಿ ಎಂಬ ಹೊಳಹು ಹೊಳೆಯುವ ಮೊದಲೇ ಕೇಳುಗರು ಚಪ್ಪಾಳೆಗೆ ಇಳಿದಿರುತ್ತಾರೆ. ಮಡಿವಂತರು ಅಬ್ಬರದ ದೂರನ್ನು ಈ ಹಾಡಿನ ಮೇಲೆ ಹೊರಿಸಿದ್ದರೆ ನಾನೂ ದನಿಗೂಡಿಸುತ್ತಿದ್ದೆ.