ಹೆಳವರ ವಂಶಾವಳಿಯಲ್ಲಿ ಒಂದು ಲೋಪ

ಕನ್ನಡನಾಡಿನ ಮೌಖಿಕ ವಾಙ್ಮಯದಲ್ಲಿ ಹೆಳವರ ವಂಶಾವಳಿಗೆ ವಿಶಿಷ್ಟವಾದ ಸ್ಥಾನವುಂಟು. ಎತ್ತನ್ನೇರಿ ಊರೂರಿಗೆ ಬಂದು, ಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಮೂಲಸ್ಥಳ, ಬೆಡಗು, ಮೂಲಪುರುಷ, ಅವನ ಮಕ್ಕಳು ಮೊಮ್ಮಕ್ಕಳೆಂದು ತಲೆತಲಾಂತರದ ಹೆಸರುಗಳನ್ನು ತಡೆಯಿಲ್ಲದೆ ಹೇಳಿ, ದವಸವನ್ನೋ ಹಣವನ್ನೋ ಪಡೆದು ಹೋಗುವುದು ಅವರ ಕುಲವೃತ್ತಿ. ಇತಿಹಾಸಕಾರರು ಇದರ ಬೆಲೆಯನ್ನು ಬಲ್ಲರು. ಆದರೆ ಕುಟುಂಬವೃತ್ತಾಂತವೆಂಬ ದೃಷ್ಟಿಯಿಂದ ಪರೀಕ್ಷಿಸಿದರೆ ಇದರಲ್ಲಿ ದೊಡ್ಡದೊಂದು ಲೋಪವು ಕಾಣುತ್ತದೆ. ಇದು ಮುಖ್ಯವಾಗಿ ಗಂಡುಸಂತತಿಯ ಸಾಲು. ಮನೆಗೆ ಬಂದ ಸೊಸೆಯ ತವರಾಗಲಿ, ಕೊಟ್ಟ ಮಗಳ ಮುಂದಿನ ಬಾಳಾಗಲಿ, ಯಾರು ಯಾವ ವಯಸ್ಸಿನಲ್ಲಿ ಯಾವ ವ್ಯಾಧಿಯಿಂದ ತೀರಿಕೊಂಡರೆಂಬುದಾಗಲಿ ಇದರೊಳಗೆ ಸೇರುವುದು ವಿರಳ.

ಈ ಲೋಪವು ಕೇವಲ ಸಾಹಿತ್ಯಕ್ಕೆ ಸಂಬಂಧಿಸಿದುದಲ್ಲ. 1866ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಅವರು ತಮ್ಮ ಪತ್ನಿಯ ತವರಿನ ವಂಶಾವಳಿಯನ್ನು ಪ್ರಕಟಿಸಿದರು. ಅದರೊಳಗಿನ 24 ಸ್ತ್ರೀಯರಲ್ಲಿ 10 ಮಂದಿ ಸ್ತನದ ಕ್ಯಾನ್ಸರಿನಿಂದ ಮೃತರಾಗಿದ್ದರು. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಅವರು ಇಂತಹ ಮನೆತನಗಳ ವಂಶಾವಳಿಗಳನ್ನೇ ಆಧಾರವಾಗಿ ಹಿಡಿದು, ದೋಷದ ನೆಲೆಯು 17ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. ಬಿಆರ್‌ಸಿಎ-1 ಎಂಬ ಆ ಜೀನು 1994ರಲ್ಲಿಯೂ, ಬಿಆರ್‌ಸಿಎ-2 ಎಂಬುದು 1995ರಲ್ಲಿಯೂ ಗುರುತಿಗೆ ಸಿಕ್ಕವು. ಇವುಗಳಲ್ಲಿ ದೋಷವುಳ್ಳ ಸ್ತ್ರೀಯರ ಪೈಕಿ 80ನೆಯ ವಯಸ್ಸಿನೊಳಗೆ 100ಕ್ಕೆ ಸುಮಾರು 70 ಮಂದಿಗೆ ರೋಗವು ಬರಬಹುದು. ದೋಷವು ತಾಯಿಯಿಂದ ಬರುವಂತೆಯೇ ತಂದೆಯಿಂದಲೂ ಬರುತ್ತದೆ. ಗಂಡಾಗಲಿ ಹೆಣ್ಣಾಗಲಿ, ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವವು ಅರ್ಧದಷ್ಟು. ಆದುದರಿಂದ ಚಿಕ್ಕಮ್ಮನ ರೋಗದಷ್ಟೇ ಸೋದರತ್ತೆಯ ರೋಗವೂ ಅರ್ಥವುಳ್ಳದ್ದು.

ಕಂದಿಕೆರೆಯ ಸುತ್ತಿನ ತೆಂಗಿನ ಸೀಮೆಯಲ್ಲಿ ಬೀಜದ ಕಾಯಿಯನ್ನು ಆರಿಸುವಾಗ ರೈತನು ತಾಯಿಮರವನ್ನು ನೋಡಿಯೇ ಆರಿಸುತ್ತಾನೆ. ಪರಾಗವು ಯಾವ ಮರದ್ದೆಂಬುದು ಮಾತ್ರ ಅವನಿಗೆ ತಿಳಿಯದು. ಮನೆತನದ ವಿಷಯದಲ್ಲಿ ಇದು ತಿರುಗುಮುರುಗು: ತಂದೆಯ ಸಾಲು ಕಂಠಪಾಠ, ತಾಯಿಯ ಸಾಲು ಅಜ್ಞಾತ, ತಂದೆಯ ಸಾಲಿನಲ್ಲಿಯೂ ಹೆಣ್ಣುಮಕ್ಕಳು ಮರೆ.

ಇದಕ್ಕಾಗಿ ಹೆಳವನನ್ನು ದೂರುವುದು ನ್ಯಾಯವಲ್ಲ. ಮನೆಯವರು ಕೇಳಬಯಸಿದ್ದನ್ನು ಅವನು ಹೇಳಿದನು. ರೋಗದ ಸುದ್ದಿ ಹೊರಬಿದ್ದರೆ ಮಗಳ ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ ಬಾಯಿ ಮುಚ್ಚಿದವರು ಮನೆಯವರೇ. ಹಾಗೆಂದು ವಂಶಾವಳಿಯೇ ಸರ್ವಸ್ವವೂ ಅಲ್ಲ. ಸ್ತನದ ಕ್ಯಾನ್ಸರ್ ಬಂದ 100 ಮಂದಿಯಲ್ಲಿ ಇಂತಹ ಆನುವಂಶಿಕ ದೋಷವುಳ್ಳವರು 5ರಿಂದ 10 ಮಂದಿ ಮಾತ್ರ. ನಿಷ್ಕಳಂಕವಾದ ವಂಶಾವಳಿಯು ಅಭಯಪತ್ರವಾಗಲಾರದು. ಆದರೂ ರೋಗಿಯು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ ಹೋಗಲಿ, ಬೇರೆಡೆಗೆ ಹೋಗಲಿ, ವೈದ್ಯರು ವಿಚಾರಿಸಲೇಬೇಕಾದ ಪ್ರಶ್ನೆ ಇದು: ನಿಮ್ಮವರಲ್ಲಿ ಯಾರಿಗೆ ಈ ರೋಗವಿತ್ತು, ಯಾವ ವಯಸ್ಸಿನಲ್ಲಿ? ಹತ್ತು ತಲೆಮಾರಿನ ಗಂಡಸರ ಹೆಸರನ್ನು ಬಲ್ಲ ಮನೆಯು ಆಗ ನಿರುತ್ತರವಾಗುವುದಾದರೆ, ಆ ವಂಶಾವಳಿಯನ್ನು ಪೂರ್ಣವೆನ್ನಲಾಗದು.