ಬಿಟ್ಟ ಮೀನು ಬದುಕಿತೇ?

ಗಾಳಕ್ಕೆ ಬಿದ್ದ ದೊಡ್ಡ ಮೀನನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ನಗುವ ಫೋಟೊ, ಕೆಳಗೆ ‘ವಾಪಸ್ ಬಿಟ್ಟೆವು’ ಎಂಬ ಒಂದು ಸಾಲು. ಒಂದು ಕಾಲಕ್ಕೆ ಇದು ಕಾವೇರಿ ದಡದ ಶಿಬಿರಗಳ ಗುರುತಾಗಿತ್ತು. ಈಗ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹುಡುಗರ ಮೊಬೈಲಿನಲ್ಲೂ ಅದೇ ನಿಲುವು, ಅದೇ ಸಾಲು. ಮೀನನ್ನು ಕೊಲ್ಲದೆ ಬಿಡುವ ಮನಸ್ಸು ಬಂದದ್ದು ಒಳ್ಳೆಯದೇ. ಆದರೆ ಬಿಟ್ಟದ್ದಕ್ಕೆ ಫೋಟೊ ಸಾಕ್ಷಿ, ಬದುಕಿದ್ದಕ್ಕೆ ಯಾರೂ ಸಾಕ್ಷಿಯಿಲ್ಲ. ಮೀನು ಗಾಳದಿಂದ ನೀರಿಗೆ ಮರಳುವ ನಡುವಿನ ಒಂದೆರಡು ನಿಮಿಷದಲ್ಲಿ ಏನಾಗುತ್ತದೆ ಎಂಬುದರ ಮೇಲೆಯೇ ಈ ಪದ್ಧತಿಗೆ ಬೆಲೆ ಕಟ್ಟಬೇಕು.

ಗಾಳದ ಮೋಜನ್ನು ಕಲಿಸಿದವರು ಇಂಗ್ಲಿಷರು ಎಂದು ತಿಳಿದವರು ಚಿಂಚೋಳಿಯಾಚೆ ಕಲ್ಯಾಣದ ಕಡೆ ಒಮ್ಮೆ ನೋಡಬೇಕು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ‘ಮತ್ಸ್ಯವಿನೋದ’ವೂ ಒಂದು. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಇದರ ಕುರಿತು ವಿವರವಾಗಿ ಬರೆದರು. ಹತ್ತಿಪ್ಪತ್ತು ಬಗೆಯಲ್ಲ, ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು ಅಲ್ಲಿವೆ. ಯಾವ ಮೀನಿಗೆ ಯಾವ ಎರೆ, ನೂಲು ಎಂಥದ್ದು, ಕೋಲು ಎಂಥದ್ದು ಎಂಬುದೆಲ್ಲ ಇದೆ. ನೋಡಿ ತಿಳಿದವನ ಬರವಣಿಗೆ ಅದು. ಆದರೂ ಅದು ದಡದ ಮೇಲೆ ಕುಳಿತ ಅರಸನ ವಿನೋದ. ಮೀನು ಕೈಗೆ ಬಂದ ಮೇಲಿನ ಕಥೆ ಅದೇ ಗ್ರಂಥದ ‘ಅನ್ನಭೋಗ’ದ ಪಾಲು, ಅಲ್ಲಿ ಮೀನಡುಗೆಯೂ ಉಂಟು. ಸೋಮೇಶ್ವರನ ಲೆಕ್ಕ ಚೊಕ್ಕವಾಗಿತ್ತು: ಹಿಡಿ, ತಿನ್ನು. ಇಂದಿನ ಗಾಳಗಾರ ‘ತಿನ್ನು’ ಎಂಬುದನ್ನು ಹೊಡೆದುಹಾಕಿ ‘ಬಿಡು’ ಎಂದು ಬರೆದುಕೊಂಡಿದ್ದಾನೆ. ಹಿಡಿಯುವುದಕ್ಕೆ ಬೇಕಾದ ಸಾಮಾನು, ಜಾಣ್ಮೆ ಎಲ್ಲ ಅವನಲ್ಲಿದೆ. ಬಿಡುವುದನ್ನು ಮಾತ್ರ ಕಲಿತಿಲ್ಲ.

ಕಾವೇರಿಯಲ್ಲಿ ಕಲಿಯುವ ಪ್ರಯತ್ನವಾದರೂ ನಡೆಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೊ ತೂಕದ ಮಹಶೀರ್ ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿರುವ ದಾಖಲೆ. ಮುಂದೆ ಡೈನಮೈಟಿನ ಹಾವಳಿಯಿಂದ ಹೊಳೆ ಬರಿದಾಗುತ್ತ ಬಂದಾಗ, 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಜಂಗಲ್ ಲಾಡ್ಜಸ್ ಶಿಬಿರಗಳು ಒಂದು ನಿಯಮ ತಂದವು: ರಾಗಿಮುದ್ದೆಯ ಎರೆಗೆ ಬಿದ್ದ ಮೀನನ್ನು ತೂಗಿ, ಬರೆದುಕೊಂಡು, ಬಿಡಬೇಕು. ಕಳ್ಳತನದಲ್ಲಿ ಮೀನು ಹೊಡೆಯುತ್ತಿದ್ದವರೇ ಕಾವಲುಗಾರರೂ ದಾರಿ ತೋರುವವರೂ ಆದರು. ಇದು ಸಣ್ಣ ಸಾಧನೆಯಲ್ಲ.

ಬರೆದಿಟ್ಟ ಪುಸ್ತಕವಂತೂ ಇನ್ನೂ ದೊಡ್ಡದು. 1998ರಿಂದ 2012ರವರೆಗಿನ ಗಾಳಿಬೋರೆಯ ದಾಖಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳಿವೆ. ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದಾಗ ಹೊರಬಿದ್ದದ್ದು ಕಹಿ ಸಂಗತಿ. ಏರುತ್ತಿದ್ದದ್ದು ಹೊರಗಿನ ಮರಿಕೇಂದ್ರದಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರಿನ ಸಂಖ್ಯೆ. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಕಣ್ಮರೆಯಾಗುತ್ತಿತ್ತು. ಲೋಕವೆಲ್ಲ ಹಿಡಿದು ಹೊಗಳಿದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಕ್ಕಿಯಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಎಷ್ಟು ಮೀನು ಬಿಟ್ಟೆವು ಎಂಬ ಲೆಕ್ಕ ಎಂಥ ಮೀನು ಉಳಿಯಿತು ಎಂಬುದನ್ನು ಹೇಳುವುದಿಲ್ಲ, ಯಾರಾದರೂ ಕೂತು ಓದುವವರೆಗೆ.

ಕೈಯ ಕೆಲಸದಲ್ಲಿ ಕಾವೇರಿಗೆ ಪೂರ್ತಿ ಅಂಕ ಕೊಡಲಾರೆ. ದಣಿದ ಮೀನಿನ ಬಾಯಿಗೆ ಹಗ್ಗ ಪೋಣಿಸಿ ದಡದ ನೀರಿನಲ್ಲಿ ಕಟ್ಟಿಹಾಕುವುದು, ಫೋಟೊಗೆ ಎಲ್ಲರೂ ಸೇರಿದ ಮೇಲೆ ಎತ್ತುವುದು ಅಲ್ಲಿ ರೂಢಿಯಾಗಿತ್ತು. ಸುಧಾರಿಸಿಕೊಳ್ಳಲಿ ಎಂಬುದು ಸಮರ್ಥನೆ. ಸುಧಾರಿಸಿಕೊಂಡ ಮೀನನ್ನು ಮತ್ತೆ ಎತ್ತಿ ಗಾಳಿಗೆ ಹಿಡಿದರೆ ಆ ಸುಧಾರಣೆ ಯಾರಿಗಾಗಿ? 

ಗಾಳಿಗೆ ಹಿಡಿಯುವುದು ಎಷ್ಟು ದುಬಾರಿ ಎಂಬುದಕ್ಕೆ 1992ರಲ್ಲಿ ಕೆನಡಾದ ಫರ್ಗುಸನ್ ಮತ್ತು ಟಫ್ಟ್ಸ್ ಪ್ರಕಟಿಸಿದ ಟ್ರೌಟ್ ಮೀನಿನ ಪ್ರಯೋಗವಿದೆ. ಓಡಿಸಿ ದಣಿಸಿದ ಮೀನುಗಳಲ್ಲಿ ಗಾಳಿಗೆ ತೆಗೆಯದವು ನೂರಕ್ಕೆ 12 ಸತ್ತವು. ಅರ್ಧ ನಿಮಿಷ ಹೊರಗಿಟ್ಟವು 38. ಒಂದು ನಿಮಿಷ ಹೊರಗಿಟ್ಟವು 72. ಸತ್ತದ್ದು ಕೈಯಲ್ಲಲ್ಲ, ಮುಂದಿನ ಹನ್ನೆರಡು ಗಂಟೆಗಳಲ್ಲಿ. ಟ್ರೌಟ್ ತಣ್ಣೀರಿನ ಮೀನು, ಅದರ ಅಂಕಿ ನಮ್ಮ ಮೀನಿಗೆ ಹಾಗೇ ಹೊಂದುವುದಿಲ್ಲ ನಿಜ. ಆದರೆ ಕಾರಣ ಎಲ್ಲ ಕಡೆಯೂ ಒಂದೇ. ನೀರಿನಾಚೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ. ಕಾದಾಡಿದ ಸ್ನಾಯುವಿನ ತುಂಬ ಆಮ್ಲ. ಅದರ ಮೇಲೆ ನಮ್ಮ ನೀರು ಬೇರೆ ಬಿಸಿ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯದು ಏಳೂವರೆ ಮಾತ್ರ. ಏಪ್ರಿಲ್ ಮಧ್ಯಾಹ್ನದ ನಿಂತ ಮಡುವಿನಲ್ಲಿ ಅದೂ ಇರುವುದಿಲ್ಲ.

ನಮ್ಮ ಕಡೆಯ ಕಾಗಿಣಾ ಹೊಳೆ ತೆಲಂಗಾಣದಿಂದ ಇಳಿದು ಸೇಡಂ ದಾಟಿ, ಮಳಖೇಡದ ಕೋಟೆಯ ಮಗ್ಗುಲಲ್ಲಿ ಹಾದು, ಶಹಾಬಾದ್ ಹತ್ತಿರದ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತದೆ. ದಾರಿಯುದ್ದ ಫರ್ಸಿಯ ನೆಲ. ಊರೂರಿನ ಅಂಗಳಕ್ಕೆ ಹಾಸುವ ಆ ಶಹಾಬಾದ್ ಕಲ್ಲು ಬೇಸಿಗೆಯಲ್ಲಿ ಬರಿಗಾಲು ಇಡಲಾಗದಷ್ಟು ಸುಡುತ್ತದೆ. ಅದರ ಮೇಲೆ ಮೀನನ್ನು ಮಲಗಿಸಿ, ಪಕ್ಕದಲ್ಲಿ ಗಾಳದ ಕೋಲು ಇಟ್ಟು ಫೋಟೊ ತೆಗೆಯುತ್ತಾರೆ. ಮೀನು ಎರಡು ಸಲ ಒದ್ದುಕೊಂಡರೆ ಸಾಕು, ಕಲ್ಲಿನ ಮೇಲೆ ಬೆರಳಗಲದ ಹೊಳೆಯುವ ಗೆರೆ ಉಳಿಯುತ್ತದೆ. ನೋಡನೋಡುತ್ತ ಅದು ಒಣಗಿ ಪೊರೆಯಾಗುತ್ತದೆ. ಆ ಲೋಳೆಯೇ ಮೀನಿನ ಕವಚ. ಅದು ಹೋದಲ್ಲಿ ಒಂದೆರಡು ದಿನಕ್ಕೆ ಹತ್ತಿಯಂಥ ಬಿಳಿ ಬೂಸ್ಟು ಹತ್ತುತ್ತದೆ. ಒಣಗೈಯಲ್ಲಿ ಹಿಡಿದರೂ, ಟವೆಲ್ಲಿನಲ್ಲಿ ಸುತ್ತಿದರೂ ಆಗುವುದು ಇದೇ.

ಇನ್ನು ವಾಡಿ, ಶಹಾಬಾದ್ ಸುತ್ತ ಕಲ್ಲು ತೆಗೆದು ಬಿಟ್ಟ, ನೀರು ತುಂಬಿದ ಗಣಿಗಳು. ಗೋಡೆಯಂಥ ದಡ, ಇಳಿಯಲು ದಾರಿಯಿಲ್ಲ. ಹಿಡಿದ ಮೀನನ್ನು ದಾರದಲ್ಲೇ ಜಗ್ಗಿ ಮೇಲೆತ್ತಬೇಕು. ನೀರು ಹೊತ್ತಿದ್ದ ಅಷ್ಟೂ ಭಾರ ಕೊಕ್ಕೆ ಸಿಕ್ಕಿದ ಒಂದು ದವಡೆಯ ಮೇಲೆ. ಬಿಡುವಾಗಲೂ ಅಷ್ಟೇ ಎತ್ತರದಿಂದ ಎಸೆತ. ಇಂಥ ಕಡೆ ‘ಹಿಡಿದು ಬಿಡುವುದು’ ಎಂಬ ಮಾತೇ ಸುಳ್ಳು. ಇಳಿದು ನೀರು ಮುಟ್ಟಲಾಗದ ಜಾಗದಲ್ಲಿ ತಿನ್ನದ ಮೀನಿಗೆ ಗಾಳ ಹಾಕಬಾರದು.

ಸರಿಯಾಗಿ ಬಿಡುವುದೇನು ಕಷ್ಟದ ವಿದ್ಯೆಯಲ್ಲ. ಮೂರು ಮುಳ್ಳಿನ ಕೊಕ್ಕೆ ಬಿಟ್ಟು ಒಂಟಿ ಕೊಕ್ಕೆ ಕಟ್ಟಿ, ಅದರ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಡಿಸುವುದು. ಗಟ್ಟಿ ದಾರ ಬಳಸಿ ಬೇಗ ಎಳೆದುಕೊಳ್ಳುವುದು. ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿದೆನೆಂಬ ಬಡಾಯಿ ಮೀನಿನ ಪಾಲಿಗೆ ಮರಣಪತ್ರ. ಮೊಣಕಾಲು ನೀರಿಗೆ ಇಳಿದು ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಬೇಕು. ಗಂಟಲಿಗೆ ಇಳಿದಿದ್ದರೆ ದಾರ ಕತ್ತರಿಸಿ ಬಿಡುವುದೇ ಮೇಲು, ಕಿತ್ತರೆ ಕಿವಿರು ಹರಿಯುತ್ತದೆ. ಎತ್ತಲೇಬೇಕಾದರೆ ಒದ್ದೆಗೈ ಒಂದು ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡಕ್ಕೆ, ಮೀನು ಅಡ್ಡವಾಗಿಯೇ ಇರಲಿ, ಉಸಿರು ಬಿಗಿಹಿಡಿದು ನಿಮಗೆ ಎಷ್ಟು ಹೊತ್ತು ಆರಾಮೋ ಅದಕ್ಕಿಂತ ಕಡಿಮೆ ಹೊತ್ತು. ಮತ್ತೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನೇ ಬಾಲ ಬೀಸಿ ಹೋಗುವತನಕ ಕಾಯಬೇಕು. ಹಿಂದಕ್ಕೂ ಮುಂದಕ್ಕೂ ತಳ್ಳಾಡುವ ಅಭ್ಯಾಸ ಬೇಡ.

ಮೀನು ಮೀನಿಗೂ ಲೆಕ್ಕ ಬೇರೆ. ಹೈದರಾಬಾದಿನವರು ಮರಲ್ ಎನ್ನುವ ಕೊರಮೀನು ಗಾಳಿಯನ್ನೂ ಉಸಿರಾಡಬಲ್ಲದು, ಅದು ಕೈಯಲ್ಲಿ ಬೇಗ ಸಾಯುವುದಿಲ್ಲ. ಆ ಧೈರ್ಯದಲ್ಲಿ ಮಳೆಗಾಲದಲ್ಲೂ ಅದಕ್ಕೆ ಗಾಳ ಹಾಕುವವರಿದ್ದಾರೆ. ಆಗ ತಾಯಿತಂದೆ ಕೆಂಪು ಮರಿಗಳ ಗುಂಪನ್ನು ಕಾಯುತ್ತ ನಿಂತಿರುತ್ತವೆ. ಕಾಯುವ ಮೀನನ್ನು ಐದು ನಿಮಿಷ ದಡದಲ್ಲಿ ತಡೆದರೆ ಮರಿಗಳು ಬೇರೆ ಮೀನಿನ ಬಾಯಿಗೆ. ಹಿಡಿದವರು ಬಿಟ್ಟದ್ದು ಒಂದು ಮೀನು, ಕಳೆದದ್ದು ಒಂದು ಸಂಸಾರ. ಬಾಳೆಮೀನಿನ ಉದ್ದ ಮೈಯನ್ನಂತೂ ದವಡೆ ಹಿಡಿದು ತೂಗುಹಾಕಲೇಬಾರದು.

ಕಾವೇರಿ ಅಭಯಾರಣ್ಯದಲ್ಲಿ 2010ರ ನಂತರ ಗಾಳ ನಿಂತಿತು. ಕಾವಲೂ ಅದರ ಜೊತೆ ಸಡಿಲವಾಯಿತು ಎಂಬ ಗಾಳಗಾರರ ದೂರಿನಲ್ಲಿ ಹುರುಳಿದೆ. ಆದರೆ ಅದನ್ನೇ ನೆಪ ಮಾಡಿಕೊಂಡು, 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡಿನ ನಡುವೆ ಚಂದ್ರಂಪಳ್ಳಿ ನೀರಿಗೆ ಕೋಲು ಚಾಚುವುದು ಸರಿಯಲ್ಲ. ಕಾವೇರಿಯ ಶಿಬಿರದವರು ಗಾಳದ ಜೊತೆಗೆ ಕಾವಲನ್ನೂ ಲೆಕ್ಕದ ಪುಸ್ತಕವನ್ನೂ ತಂದಿದ್ದರು, ಇಲ್ಲಿ ಬಂದಿರುವುದು ಫೋಟೊ ಮಾತ್ರ.

ಬಿಡುವುದನ್ನೇ ಪುಣ್ಯವೆಂದು ತಿಳಿದವರಿಗೆ ಇನ್ನೊಂದು ಮಾತು. ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಅದನ್ನು ಒದ್ದೆಗೈಯಲ್ಲಿ ಹಿಡಿಯುವ ನಾಜೂಕೂ ಬೇಡ, ಹರಿವಿಗೆ ಎದುರು ಹಿಡಿದು ಕಾಯುವುದೂ ಬೇಡ. ಅದು ನೀರಿಗೆ ಮರಳಿದರೆ ಸುತ್ತಲಿನ ಸಣ್ಣ ಮೀನು, ಮೊಟ್ಟೆ, ಮರಿ ಎಲ್ಲ ಅದರ ಊಟ. ತಲೆಗೆ ಒಂದೇ ಪೆಟ್ಟು ಹಾಕಿ ನೋವು ಮುಗಿಸಿ, ದಡದಿಂದ ದೂರ ಒಯ್ದು ಹೂಳಬೇಕು. ಕಟ್ಲಾ, ರೋಹುಗಳೂ ಗಂಗೆಯ ಕಡೆಯಿಂದ ತಂದು ಬಿಟ್ಟವೇ. ಹಿಡಿಯಲು ಪರವಾನಗಿ ಇರುವ ಕೆರೆಯಲ್ಲಿ ಸಿಕ್ಕರೆ, ಮನೆಗೆ ಒಯ್ದು ಸೋಮೇಶ್ವರನ ದಾರಿ ಹಿಡಿಯಲು ಅಡ್ಡಿಯಿಲ್ಲ.