ಬ್ರೌಸರಿಗೇ ಗೊತ್ತಿರುವ ಕೆಲಸ

ಮಳೆಗಾಲದಲ್ಲಿ ಪುಣೆಯವರ ಬಾಯಲ್ಲಿ ಒಂದೇ ಪ್ರಶ್ನೆ: ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು? 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದದ್ದನ್ನು ಈ ಊರು ಮರೆತಿಲ್ಲ. ಖಡಕ್‌ವಾಸ್ಲಾ ಬಿಟ್ಟ ನೀರಿಗೆ ಮುಠಾ ನದಿ ಏರಿದರೆ ಊರಿನ ಭಿಡೆ ಸೇತುವೆ ಮುಳುಗುತ್ತದೆ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಯೊಳಗೇ ನೀರು ನುಗ್ಗಿತು. ಇಲ್ಲಿನ ನಮ್ಮ ಕನ್ನಡ ಬಳಗದ ಹಿರಿಯರು ಅಣೆಕಟ್ಟಿನ ಲೆಕ್ಕವನ್ನು ಫೋನಿನಲ್ಲಿ ಒಂದೇ ನೋಟಕ್ಕೆ ಓದಲೆಂದು ಪುಟ್ಟ ಡ್ಯಾಶ್‌ಬೋರ್ಡ್ ಒಂದನ್ನು ನಾನು ಕಟ್ಟಿದೆ. ಸಿದ್ಧ ಫ್ರೇಮ್‌ವರ್ಕ್ ಯಾವುದೂ ಇಲ್ಲ: ರಿಯಾಕ್ಟ್ ಇಲ್ಲ, ವ್ಯೂ ಇಲ್ಲ, ಬೂಟ್‌ಸ್ಟ್ರಾಪ್ ಕೂಡ ಇಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್, ಒಂದಿಷ್ಟು ಜಾವಾಸ್ಕ್ರಿಪ್ಟ್, ಅಷ್ಟೆ.

ಪುಟದ ವಿನ್ಯಾಸವನ್ನು ಹೇಳಿಕೊಟ್ಟದ್ದು ನದಿಯೇ. ಮೇಲಿನ ಮೂರು ಅಣೆಕಟ್ಟುಗಳ ಸಾಮರ್ಥ್ಯ: ವರಸಗಾಂವ್ 12.82 ಟಿಎಂಸಿ, ಪಾನ್‌ಶೆತ್ 10.65, ಟೆಮ್‌ಘರ್ 3.71. ಈ ಮೂರರ ನೀರೂ ಬಂದು ಸೇರುವುದು ಬರೀ 1.97 ಟಿಎಂಸಿ ಹಿಡಿಯುವ ಖಡಕ್‌ವಾಸ್ಲಾಕ್ಕೆ. ಮೇಲಿನವು ತುಂಬಿದ ಮೇಲೆ ಅದಕ್ಕೆ ಹಿಡಿದಿಡಲು ಜಾಗವಿಲ್ಲ, ಬಿಡಲೇಬೇಕು. ಆದ್ದರಿಂದ ಫೋನಿನ ಕಿರುಪರದೆಯಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ, ಖಡಕ್‌ವಾಸ್ಲಾದಿಂದ ಬಿಟ್ಟ ನೀರಿನ ಪ್ರಮಾಣ. ಉಳಿದ ಮೂರು ಅದರ ಕೆಳಗೆ. ದೊಡ್ಡ ಪರದೆಯಲ್ಲಿ ಆ ಮೂರು ಅಕ್ಕಪಕ್ಕ ನಿಲ್ಲುತ್ತವೆ.

ಈ ಹೊಂದಾಣಿಕೆಗೆ ಬೇಕಾದದ್ದು ಸಿಎಸ್‌ಎಸ್ ಗ್ರಿಡ್‌ನ ಒಂದೇ ಸಾಲು. ಪೆಟ್ಟಿಗೆಯ ಕನಿಷ್ಠ ಅಗಲವನ್ನು ಮಿನ್‌ಮ್ಯಾಕ್ಸ್‌ನಲ್ಲಿ ಹೇಳಿ ಆಟೋ-ಫಿಟ್ ಎಂದರೆ, ಒಂದು ಸಾಲಿಗೆ ಎಷ್ಟು ಪೆಟ್ಟಿಗೆ ಎಂಬುದನ್ನು ಬ್ರೌಸರೇ ಲೆಕ್ಕ ಹಾಕುತ್ತದೆ. 2010ರಲ್ಲಿ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ರೆಸ್ಪಾನ್ಸಿವ್ ವಿನ್ಯಾಸದ ಲೇಖನ ಬರೆದಾಗ ಈ ಸೌಕರ್ಯ ಇರಲಿಲ್ಲ. ಫ್ಲೋಟ್, ಶೇಕಡಾವಾರು ಅಗಲ, ಮೀಡಿಯಾ ಕ್ವೆರಿಗಳಲ್ಲಿ ಹೆಣಗಬೇಕಿತ್ತು. ಬೂಟ್‌ಸ್ಟ್ರಾಪ್‌ನಂಥವು ಆಗ ನಿಜವಾದ ನೋವಿಗೆ ಮದ್ದಾಗಿದ್ದವು. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಗ್ರಿಡ್ ಬಂತು. 2023ರ ಹೊತ್ತಿಗೆ, ಪೆಟ್ಟಿಗೆಯ ಅಗಲ ನೋಡಿ ಒಳಗಿನ ವಿನ್ಯಾಸ ಬದಲಿಸುವ ಕಂಟೇನರ್ ಕ್ವೆರಿ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಸಿಕ್ಕಿತು. ನೋವು ಹೋಗಿದೆ, ಮದ್ದಿನ ಅಭ್ಯಾಸ ಉಳಿದಿದೆ.

ಜಲಾಶಯ ಎಷ್ಟು ತುಂಬಿದೆ ಎಂದು ತೋರಿಸಲು ಚಾರ್ಟ್ ಲೈಬ್ರರಿ ಬೇಕಿಲ್ಲ, ಎಚ್‌ಟಿಎಂಎಲ್‌ನಲ್ಲೇ ಮೀಟರ್ ಎಂಬ ಟ್ಯಾಗ್ ಇದೆ. ಸಾವಿರ, ಲಕ್ಷಗಳಿಗೆ ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕಲು ಜಾವಾಸ್ಕ್ರಿಪ್ಟ್‌ನ ಇಂಟ್ಲ್ ಇದೆ. ಕೇಳಿದರೆ ಕನ್ನಡ ಅಂಕಿಗಳನ್ನೂ ಕೊಡುತ್ತದೆ. ಹೊಸ ಅಂಕಿ ತರಲು ಫೆಚ್ ಸಾಕು.

ನಾನು ಹೆಚ್ಚು ಹೊತ್ತು ಕೂತದ್ದು ಕನ್ನಡ ಅಕ್ಷರದ ಮುಂದೆ. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಪ್ರತ್ಯಯ ಸೇರಿ ಪದಗಳು ಉದ್ದವಾಗುತ್ತವೆ, ಅಳತೆ ಬಿಗಿದ ಪೆಟ್ಟಿಗೆಯಿಂದ ಆಚೆ ಚಾಚುತ್ತವೆ. ಸಿದ್ಧ ಬಟನ್ನು, ಸಿದ್ಧ ಕಾರ್ಡು ತಂದರೆ ಅವುಗಳ ಅಳತೆಯೊಂದಿಗೆ ಜಗಳವಾಡಬೇಕು. ಸ್ವಂತ ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ ಹೆಚ್ಚಿಸಿ, ಪೆಟ್ಟಿಗೆಗೆ ಎತ್ತರ ಗೊತ್ತುಪಡಿಸದೆ ಬಿಟ್ಟರೆ ಮುಗಿಯಿತು. ಕನ್ನಡಕ್ಕಾಗಿ ಕಟ್ಟುವವರಿಗೆ ಫ್ರೇಮ್‌ವರ್ಕ್ ಬಿಡಲು ಇದೊಂದೇ ಕಾರಣ ಸಾಕು ಎನ್ನುತ್ತೇನೆ.

ಇನ್ನೊಂದು ಕಾರಣ ಮಳೆಯದ್ದೇ. ನೆಟ್‌ವರ್ಕ್ ಎಳೆದಾಡುವ ರಾತ್ರಿ, ಹಳೆಯ ಫೋನು. ಇಡೀ ಪುಟವನ್ನು ಜಾವಾಸ್ಕ್ರಿಪ್ಟ್‌ನಿಂದಲೇ ಬಿಡಿಸುವ ಪದ್ಧತಿಯಾದರೆ ಆ ಕಡತ ಪೂರ್ತಿ ಇಳಿಯುವವರೆಗೆ ಪರದೆ ಖಾಲಿ. ಇಲ್ಲಿ ಅಂಕಿಗಳು ಎಚ್‌ಟಿಎಂಎಲ್‌ನಲ್ಲೇ ಇರುವುದರಿಂದ ಪುಟ ತೆರೆದ ಕೂಡಲೇ ಕಾಣುತ್ತವೆ. ಹೊಸ ಅಂಕಿ ಬರದಿದ್ದರೆ ಹಳೆಯದು ತನ್ನ ಗಂಟೆ, ನಿಮಿಷದೊಂದಿಗೆ ಉಳಿಯುತ್ತದೆ. ನೆರೆಯ ದಿನ ವೇಳೆ ನಮೂದಿಸದ ಅಂಕಿ ಅಪಾಯಕಾರಿ.

ನೂರಾರು ಜನ ಒಟ್ಟಿಗೆ ತಿದ್ದುವ, ಒಂದು ಬದಲಾದರೆ ಹತ್ತು ಕಡೆ ಬದಲಾಗಬೇಕಾದ ತಂತ್ರಾಂಶಕ್ಕೆ ರಿಯಾಕ್ಟ್ ಬಳಸಿ. ಅದು ಹುಟ್ಟಿದ್ದೇ ಅದಕ್ಕೆ. ನಾಲ್ಕು ಅಣೆಕಟ್ಟು, ಒಂದು ನದಿಯ ಪುಟಕ್ಕೆ ಬೇಡ. ಪುಣೆಯ ಐಟಿ ನೆಲೆ ಹಿಂಜವಡಿಯಲ್ಲಿ ದಿನವಿಡೀ ಫ್ರೇಮ್‌ವರ್ಕ್‌ನಲ್ಲೇ ದುಡಿಯುವ ಕನ್ನಡದ ಗೆಳೆಯರೇ, ನಿಮ್ಮ ಊರಿನ ಕೆರೆಗೋ ಅಣೆಕಟ್ಟಿಗೋ ಇಂಥದ್ದೊಂದು ಪುಟ ಕಟ್ಟಿ. ಮೊದಲ ಕಡತ ಖಾಲಿ ಎಚ್‌ಟಿಎಂಎಲ್ ಆಗಿರಲಿ.